ಅವ್ವನ ಬಾಣೆಯಲ್ಲಿ ಮೂರು ದಿನದ ಢಂಢಂ

ನಿವೃತ್ತಿಯಾದ ಮೇಲೆ ಹೊತ್ತು ಹೋಗುವುದಿಲ್ಲ ಅಂತ ನನ್ನನ್ನು ಹೆದರಿಸಿದವರಿದ್ದರು. ಶುದ್ಧ ಸುಳ್ಳು. ಬೇಲಿಯ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತರೆ ಸಾಕು, ಜನ ತಾವಾಗಿಯೇ ಬಂದು ಏನಾದರೊಂದು ಎಡವಟ್ಟು ಮಾಡಿ ತೋರಿಸಿ ಹೋಗುತ್ತಾರೆ. ಈ ವರ್ಷವಂತೂ ಟಿಕೆಟ್ ಕೊಂಡು, ಬಸ್ಸು ಮಾಡಿಕೊಂಡು ಬಂದು ಮಾಡಿದರು.

ನಾನು ಹುಟ್ಟಿದ್ದು ಕೊಡಗಿನ ಕೊಡ್ಲಿಪೇಟೆ ಕಡೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತ ಹೇಳುತ್ತ ಬಾಳೆಲೆ ಎಂಬ ಊರಿನ ಕಡೆಯೇ ಉಳಿದುಬಿಟ್ಟೆ. ನನ್ನ ಪಕ್ಕದ ತೋಟದ ಗೆಳೆಯ ಯೋಜನೆಗಳ ಮನುಷ್ಯ. ಮೊಲ ಸಾಕಿದ, ಓಡಿಹೋದವು. ವೆನಿಲ್ಲಾ ಹಬ್ಬಿಸಿದ, ಕೊಳೆಯಿತು. ಹೋಮ್‌ಸ್ಟೇ ಬೋರ್ಡು ಹಾಕಿದ, ಅವನ ಹೆಂಡತಿಯ ತವರಿನವರೇ ಬಂದು ತಿಂಗಳುಗಟ್ಟಲೆ ಉಳಿದರು. ಈ ಸಲ ಅವನ ಕಣ್ಣು ಬಿದ್ದದ್ದು ತೋಟದ ನಡುವೆ ದನ ಮೇಯುವ ಹುಲ್ಲಿನ ಬಾಣೆಯ ಮೇಲೆ. ಅಲ್ಲಿ ಮೂರು ದಿನದ ಎಲೆಕ್ಟ್ರಾನಿಕ್ ಸಂಗೀತದ ಉತ್ಸವ!

ಆದರೆ ತೋಟ ನಡೆಯುವುದು ಅವನ ತಾಯಿಯ ಮಾತಿನಂತೆ. ಊರೆಲ್ಲ ಅವರನ್ನು ಅವ್ವ ಎಂದೇ ಕರೆಯುವುದು. ತೊಂಬತ್ತರ ಹತ್ತಿರದವರು, ಕಣ್ಣು ಕಿವಿ ನಾಲಿಗೆ ಮೂರೂ ಚುರುಕು. ಅವ್ವ ನನ್ನ ಎದುರಿಗೇ ಮಗನಿಗೆ ಹೇಳಿದರು: "ಕುಣಿಯೋರು ಕುಣೀಲಿ. ಆದ್ರೆ ಇದ್ರಿಂದ ಮನೆ ಬಾಗಿಲಿಗೆ ಯಾರಾದ್ರೂ ಒಂದು ಮಾತು ತಂದ್ರೋ, ಆಮೇಲೆ ಆ ಬಾಣೆಗೆ ದನ ಮಾತ್ರ ಹೋಗೋದು. ನೀನೂ ಇನ್ನೊಂದು ಯೋಜನೆ ಅಂತ ನನ್ನ ಮುಂದೆ ಬಾಯಿ ಬಿಡೋ ಹಾಗಿಲ್ಲ."

ಗೆಳೆಯನಿಗೆ ಅದು ಕೊನೆಯ ಅವಕಾಶ. ನನ್ನ ಕೈ ಹಿಡಿದುಕೊಂಡ. "ಮೇಷ್ಟ್ರೇ, ನಿಮಗೆ ಹೇಗೂ ಮಾತಾಡದೆ ಇರೋಕಾಗಲ್ಲ. ಗೇಟಿನಲ್ಲಿ ಕೂತು ಬಂದವರಿಗೆ ಬುದ್ಧಿ ಹೇಳಿ." ಹೀಗೆ ನಾನು ಹಳದಿ ಅಂಗಿ ತೊಟ್ಟು ಸಲಹೆಗಾರನಾದೆ. ನನ್ನ ಸಲಹೆಗಳನ್ನು ಯಾರೂ ಕೇಳಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜೋಲಿ ಕಟ್ಟುವ ಮೊದಲು ತಲೆಯೆತ್ತಿ ನೋಡಿ

ಮೊದಲ ದಿನ ಬೆಳಿಗ್ಗೆಯೇ ಒಂದು ಜೋಡಿ ಬಂತು. ಹುಡುಗನ ಬೆನ್ನಿಗೆ ಹಿಮಾಲಯ ಹತ್ತುವಷ್ಟು ಸಾಮಾನು. ಬಾಣೆಯ ಅಂಚಿನ ಎರಡು ಮರಕ್ಕೆ ಜೋಲಿ ಕಟ್ಟಲು ಹೊರಟ. ನಾನು ಓಡಿಹೋಗಿ, "ಅಲ್ಲಿ ಬೇಡಪ್ಪ, ಮೇಲೆ ಎಲೆ ಮಡಚಿಕೊಂಡಿದೆ ನೋಡು, ಕೆಂಜಿಗ ಇರುವೆಯ ಗೂಡು," ಅಂದೆ.

"ಅಂಕಲ್, ನಾವು ಪ್ರಕೃತಿ ಜೊತೆ ಒಂದಾಗೋಕೆ ಬಂದಿರೋದು," ಅಂದಳು ಹುಡುಗಿ.

"ಹಾಗಾದ್ರೆ ಸರಿ," ಅಂದೆ ನಾನು.

ಹತ್ತು ನಿಮಿಷದಲ್ಲಿ ಪ್ರಕೃತಿ ಅವರೊಂದಿಗೆ ಒಂದಾಯಿತು. ಹುಡುಗ ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಗೆ ಬಡಿದುಕೊಳ್ಳುತ್ತ ಒಂಟಿಕಾಲಲ್ಲಿ ಹಾರತೊಡಗಿದ. ಹುಡುಗಿ ಕೂದಲು ಕೊಡವುತ್ತ ಸುತ್ತತೊಡಗಿದಳು. ಸಂಗೀತ ಇನ್ನೂ ಶುರುವಾಗಿರಲಿಲ್ಲ. ಸುತ್ತಲಿನವರು ಚಪ್ಪಾಳೆ ತಟ್ಟಿ ವಿಡಿಯೋ ಮಾಡಿಕೊಂಡರು. ಸಂಜೆ ನೋಡುತ್ತೇನೆ, ವೇದಿಕೆಯ ಮುಂದೆ ಇದ್ದವರೆಲ್ಲ ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಗೆ!

ಸಂಗೀತ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ವಿಚಾರಿಸಿಕೊಳ್ಳಿ

ಎರಡನೆಯ ದಿನ ಮಧ್ಯಾಹ್ನ ವೇದಿಕೆಯ ಜನರೇಟರ್ ಕೆಟ್ಟಿತು. ಢಂಢಂ ನಿಂತಿತು, ಕುಣಿತ ನಿಲ್ಲಲಿಲ್ಲ. ನನಗೆ ಆಶ್ಚರ್ಯ. ಕಿವಿಗೊಟ್ಟರೆ ಬೇಲಿಯಾಚೆಯ ತೋಟದಲ್ಲಿ ಕಾಫಿಯ ಹಲ್ಲರ್ ಓಡುತ್ತಿದೆ. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ, ಟ್ರ್ಯಾಕ್ಟರಿಗೆ ಕಟ್ಟಿದ್ದು, ಗಡಗಡ ಗಡಗಡ ಅನ್ನುತ್ತಿದೆ. ಜನ ನಿಧಾನವಾಗಿ ಅತ್ತ ತಿರುಗಿ, ಕಣ್ಣು ಮುಚ್ಚಿ, ತಲೆ ಆಡಿಸುತ್ತಿದ್ದಾರೆ.

ಬೆವರು ಒರೆಸಿಕೊಳ್ಳುತ್ತಿದ್ದ ಒಬ್ಬನನ್ನು ಕೇಳಿದೆ, "ಹೇಗಿದೆ?"

"ನಿನ್ನೆಯವನಿಗಿಂತ ಇವನೇ ವಾಸಿ ಸಾರ್. ತುಂಬ ಆಳ ಇದೆ."

ಹಲ್ಲರ್ ಓಡಿಸುವವನು ಗಾಬರಿಯಾಗಿ ಬೇಲಿಯ ಹತ್ತಿರ ಬಂದ. "ಎಂತ ಮೇಷ್ಟ್ರೇ, ಇವರೆಲ್ಲ ನನ್ನನ್ನೇ ಯಾಕೆ ನೋಡೋದು? ಧೂಳಾಯ್ತು ಅಂತ ಸಿಟ್ಟಾ?" ಪಾಪ, ಮರ್ಯಾದಸ್ಥ. ಹೋಗಿ ಯಂತ್ರ ನಿಲ್ಲಿಸಿದ. ಇಡೀ ಬಾಣೆ ಅವನ ಕಡೆ ಕೈಯೆತ್ತಿ ಕೂಗಿತು: "ಒನ್ಸ್ ಮೋರ್!"

ಫೋನು ಮನೆಯಲ್ಲೇ ಇರಲಿ

ನಮ್ಮ ಕಡೆ ಇರುವುದು ಒಂದೇ ಟವರ್. ಅದು ನಮ್ಮ ಹೆಂಗಸರ ಮಾತನ್ನು ಹೊತ್ತೇ ಸುಸ್ತಾಗಿರುವಂಥದ್ದು. ಇಷ್ಟು ಜನ ಒಮ್ಮೆಗೇ ವಿಡಿಯೋ ಕಳಿಸತೊಡಗಿದ ಮೇಲೆ ಊರಿನಲ್ಲಿ ಯಾರಿಗೂ ಕರೆ ಹೋಗಲೊಲ್ಲದು, ಬರಲೊಲ್ಲದು. ನನ್ನ ಹೆಂಡತಿ ಮೂರು ದಿನ ತನ್ನ ಅಕ್ಕನೊಂದಿಗೆ ಮಾತಾಡಲಾಗದೆ ನನ್ನೊಂದಿಗೆ ಮಾತಾಡಿದಳು. ಆ ಕಷ್ಟ ನನಗೇ ಗೊತ್ತು.

ಒಬ್ಬ ಹುಡುಗಿ ಗೇಟಿನಲ್ಲಿ ಕೂತು ಕಣ್ಣೀರು ಹಾಕುತ್ತಿದ್ದಳು.

"ಏನಮ್ಮಾ, ಏನಾದ್ರೂ ಕಳೀತಾ?"

"ನೆಟ್‌ವರ್ಕ್ ಇಲ್ಲ ಅಂಕಲ್."

"ಮನೆಗೆ ಏನಾದ್ರೂ ತಿಳಿಸ್ಬೇಕಾ?"

"ಇಲ್ಲ. ಮೂರು ದಿನ ಫೋನ್ ಮುಟ್ಟದೆ ಮೌನವಾಗಿ ಇರ್ತೀನಿ ಅಂತ ಎಲ್ಲರಿಗೂ ಹೇಳ್ಬೇಕಿತ್ತು."

ಬಿಳಿ ಬಟ್ಟೆ ತರಬೇಡಿ

ಕೊನೆಯ ದಿನ ಎಲ್ಲರೂ ಬಿಳಿ ಬಟ್ಟೆಯಲ್ಲೇ ಬರಬೇಕೆಂದು ಕಾರ್ಯಕ್ರಮದ ಆಯೋಜಕನ ಅಪ್ಪಣೆ. ಜುಟ್ಟು ಕಟ್ಟಿಕೊಂಡ ಬೆಂಗಳೂರಿನ ಹುಡುಗ ಅವನು. ಬೇಸಗೆ ಹತ್ತಿರವಾದಾಗ ಬಾಣೆಯಲ್ಲಿ ಕೆಂಪು ಧೂಳು ಮೊಣಕಾಲವರೆಗೆ ಏಳುತ್ತದೆ. "ಅಲ್ಲಪ್ಪಾ, ಬಿಳಿಯೇ ಯಾಕೆ?" ಎಂದು ಕೇಳಿದೆ.

"ಅದು ಶಾಂತಿ, ಸಾರ್."

"ನಮ್ಮಲ್ಲಿ ಅದು ಸಾವಿನ ಮನೆಗೆ ಹೋಗುವ ಬಟ್ಟೆ."

"ಅದೂ ಒಂಥರಾ ಶಾಂತಿನೇ ಅಲ್ವಾ ಸಾರ್," ಅಂದ. ಇಂಥವನಿಗೆ ಕಾಲೇಜಿನಲ್ಲಿ ಪಾಠ ಹೇಳಿದವರು ಯಾರೋ, ಅವರಿಗೆ ನನ್ನ ಸಹಾನುಭೂತಿ.

ತೋಪು ಹಾರಿಸುವುದಾದರೆ ಎಣಿಸಿ ಹಾರಿಸಿ

ಕೊಡಗಿನಲ್ಲಿ ಬಂದೂಕು ಇಲ್ಲದ ಹಳೇ ಮನೆ ಕಡಿಮೆ. ಮನೆಯಲ್ಲಿ ಸಾವಾದರೆ ಅಂಗಳದಿಂದ ಒಂದರ ಹಿಂದೊಂದು ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು, ಆ ದಿಕ್ಕಿಗೆ ಹೊರಡುತ್ತಾರೆ. ಇದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ಜುಟ್ಟಿನವನಿಗೆ ಹೇಗೆ ಗೊತ್ತಿರಬೇಕು? ಮೂರನೆಯ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಬಣ್ಣದ ಕಾಗದ ಹಾರಿಸುವ ತೋಪು ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದ. ಢಂ. ಢಂ.

ಎರಡೇ.

ನನ್ನ ಕೈಯ ಇಡ್ಲಿ ತಟ್ಟೆಗೆ ಬಿತ್ತು. ಫೋನು ಮಾಡಿ ಯಾರಿಗಾದರೂ ಹೇಳೋಣವೆಂದರೆ ಟವರ್ ಇಲ್ಲ. ಅವರಾದರೂ ಫೋನು ಮಾಡಿ ಕೇಳೋಣವೆಂದರೆ ಅವರಿಗೂ ಇಲ್ಲ. ಈ ತೋಟದಲ್ಲಿ ಎರಡು ಗುಂಡು ಕೇಳಿದರೆ ಯಾರು ಹೋಗಿರಬಹುದು ಎಂದು ಊಹಿಸಲು ಯಾರಿಗೂ ಭೌತಶಾಸ್ತ್ರ ಬೇಕಾಗಿಲ್ಲ.

ಒಂದು ಗಂಟೆಯಲ್ಲಿ ಜೀಪುಗಳ ಸಾಲು ಬಂತು. ಎಲ್ಲರೂ ಬಿಳಿ. ಗೇಟಿನ ಹುಡುಗಿಯರು ಸಂಭ್ರಮದಿಂದ ಒಬ್ಬೊಬ್ಬರ ಕೈಗೂ ಪಟ್ಟಿ ಕಟ್ಟಿ, ಕೆನ್ನೆಗೆ ಮಿಂಚಿನ ಪುಡಿ ಹಚ್ಚಿ ಒಳಗೆ ಬಿಟ್ಟರು. ಅವ್ವನ ಮೈದುನ, ಎಂಬತ್ತು ದಾಟಿದವರು, ಕೈಪಟ್ಟಿ ನೋಡಿಕೊಂಡು ನನ್ನನ್ನು ಕೇಳಿದರು, "ಮೇಷ್ಟ್ರೇ, ಈಗ ಸಾವಿನ ಮನೆಗೂ ಪಾಸ್ ಬಂತಾ?"

"ಅವ್ವ ಚೆನ್ನಾಗಿದ್ದಾರೆ!" ಎಂದು ಕೂಗಿದೆ. ಆದರೆ ಸ್ಪೀಕರ್ ನನ್ನ ತಲೆಯ ಮೇಲೆಯೇ ಇತ್ತು. ನನ್ನ ಬಾಯಿ ಆಡುವುದು ಮಾತ್ರ ಕಂಡಿರಬೇಕು. ಅವರು ನನ್ನ ಬೆನ್ನು ಸವರಿ, ಕಿವಿಯ ಹತ್ತಿರ ಬಂದು, "ಸಮಾಧಾನ ಮಾಡ್ಕೊಳಿ. ವಯಸ್ಸಾಗಿತ್ತು," ಅಂದರು. ಆಮೇಲೆ ಬಾಣೆಯ ಕಡೆ ತಿರುಗಿದರು. ಅಲ್ಲಿ ನೂರಾರು ಜನ, ಎಲ್ಲರೂ ಬಿಳಿ, ಕೈಯೆತ್ತಿ ಹಾರುತ್ತಿದ್ದಾರೆ. ಮುದುಕರ ಕಣ್ಣು ತುಂಬಿ ಬಂತು. "ಅತ್ತಿಗೆಗೆ ಇಷ್ಟು ಜನ ಇದ್ದರಾ! ಬೆಂಗಳೂರಿನವರು ಅಳೋದು ಹೀಗೇನೋ."

ಮೆರವಣಿಗೆ ಮನೆಗೆ ಹೊರಟಿತು. ನಾನೂ ಹಿಂದೆ ಓಡಿದೆ. ಅವ್ವ ಅಂಗಳದಲ್ಲಿ ಚಾಪೆಯ ಮೇಲೆ ಕರಿಮೆಣಸು ಹರಡುತ್ತಿದ್ದರು. ಎಲ್ಲರಿಗಿಂತ ಮುಂದಿದ್ದ, ಗೆಳೆಯನ ಹೆಂಡತಿಯ ಅಕ್ಕ ರಾಗ ತೆಗೆದು ಅಳುತ್ತ ಬಂದವಳು, ಅವ್ವನನ್ನು ಕಂಡು ಅರ್ಧಕ್ಕೆ ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದ್ದು?" ಅಂದರು ಅವ್ವ. "ಚೆನ್ನಾಗಿ ಅಳ್ತಾ ಇದ್ದೆ. ಮುಗಿಸು, ಎಷ್ಟು ಅಳ್ತೀಯ ನೋಡೋಣ."

ಅಷ್ಟರಲ್ಲಿ ಗೆಳೆಯ ಬಾಣೆಯಿಂದ ಏದುಸಿರು ಬಿಡುತ್ತ ಬಂದ.

"ನಾನು ಎಂತ ಹೇಳಿದ್ದೆ?" ಅವ್ವ ಕೇಳಿದರು.

"ಬಾಗಿಲಿಗೆ ಒಂದು ಮಾತು ಬರಬಾರದು ಅಂತ."

"ಈಗ ಎಂತ ಬಂದದ್ದು?"

ಗೆಳೆಯ ಅಂಗಳದ ತುಂಬ ನೋಡಿ ಹೇಳಿದ, "ಊರೇ ಬಂತು ಅವ್ವ."

ಅವ್ವ ಎಲ್ಲರನ್ನೂ ಕೂರಿಸಿದರು. ಕಾಫಿ ತರಿಸಿದರು. ಮಿಂಚು ಹಚ್ಚಿಕೊಂಡ ಒಂದೊಂದೇ ಕೆನ್ನೆಯನ್ನು ನಿಧಾನವಾಗಿ ನೋಡಿದರು. "ಹಬ್ಬಕ್ಕೆ ಬನ್ನಿ ಅಂದ್ರೆ ಕಾಫಿ ಪಿಕ್ಕಿಂಗ್ ಇದೆ ಅಂತೀರಿ. ಇವತ್ತು ಪಿಕ್ಕಿಂಗ್ ಇಲ್ವಾ? ಸತ್ತ ಮೇಲೆ ಯಾರ್ಯಾರು ಬರ್ತಾರೆ ಅಂತ ಕೂತು ನೋಡೋ ಪುಣ್ಯ ಯಾರಿಗುಂಟು?" ಯಾರೂ ತಲೆಯೆತ್ತಲಿಲ್ಲ. ಮೈದುನ ಮಾತ್ರ ಎರಡನೆಯ ಲೋಟ ಕೇಳಿದರು.

ಗೆಳೆಯ ಕೈಮುಗಿದ. "ತಪ್ಪಾಯ್ತು ಅವ್ವ. ಇನ್ನು ಬಾಣೆಗೆ ದನ ಮಾತ್ರ."

"ಯಾರು ಹೇಳಿದ್ದು? ಮುಂದಿನ ವರ್ಷವೂ ಮಾಡು," ಅಂದರು ಅವ್ವ. ಮತ್ತೊಮ್ಮೆ ಅಂಗಳದ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದರು. "ದೂರದ ಕುಟ್ಟದಲ್ಲಿರೋ ನನ್ನ ತಮ್ಮ ಬಂದಿಲ್ಲ. ಅವನಿಗೆ ಕೇಳಿಸಿಲ್ಲ ಅಂತ ಕಾಣ್ತದೆ. ಮುಂದಿನ ಸಲ ಇನ್ನೂ ದೊಡ್ಡ ತೋಪು ತರಿಸು."