ಗುಬ್ಬಿ ಎಂಜಲು ಮತ್ತು ಅಣ್ಣನ ಮೌತ್‌ವಾಷ್

'ಕಟ್!' ಅಂಗಿಯ ತುದಿಯಲ್ಲಿ ಸುತ್ತಿದ ಪೆಪ್ಪರಮೆಂಟು ಅಣ್ಣನ ಹಲ್ಲಿಗೆ ಸಿಕ್ಕು ಎರಡಾಗುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಬಟ್ಟೆ ಸುತ್ತಿ ಕಚ್ಚಿದರೆ ಅದು ಗುಬ್ಬಿ ಎಂಜಲು, ಅಂದರೆ ಎಂಜಲೇ ಅಲ್ಲ! ರಜೆಗೆ ಕಾನ್ವೆಂಟಿನಿಂದ ಬಂದ ನಾನು "ಅನ್‌ಹೈಜೀನಿಕ್!" ಎಂದು ಮೂಗು ಮುರಿದರೆ, "ನಡುವ ಅರಿವಿ ಐತಲ್ಲವಾ ತಂಗಿ!" ಎಂದು ಅಂಗಿಯ ಬಟ್ಟೆ ತೋರಿಸುತ್ತಿದ್ದ. ದೊಡ್ಡ ತುಂಡು ಯಾವಾಗಲೂ ನನಗೆ.

ಅಂಥ ಅಣ್ಣ ಮುದುಕನಾದ ಮೇಲೆ ಬ್ಯಾಕ್ಟೀರಿಯಾದ ಮೇಲೆ ಯುದ್ಧ ಸಾರಿದನೆಂದರೆ ನಂಬುತ್ತೀರಾ? ಅವನಷ್ಟು ಸ್ವಚ್ಛ ಬಾಯಿ ಇಡೀ ಜಿಲ್ಲೆಯಲ್ಲಿರಲಿಲ್ಲ. ಅಷ್ಟು ಕಪ್ಪು ಹಲ್ಲೂ ಇರಲಿಲ್ಲ! ಒಂದು ದವಡೆಹಲ್ಲು ಹುಳುಕಾಗಿ ಕೀಳಿಸಿಕೊಂಡದ್ದೇ ನೆಪ. ಕೊಪ್ಪಳದ ಡೆಂಟಿಸ್ಟ್ ಕ್ರಿಮಿ ಕೊಲ್ಲುವ ಮೌತ್‌ವಾಷ್ ಬರೆದುಕೊಟ್ಟರು. ಅಂದಿನಿಂದ ಆ ಬಾಟಲಿ ಅವನ ಕಿಸೆ ಬಿಡಲಿಲ್ಲ.

ಗಂಗಾವತಿಯ ಮದುವೆಯೊಂದರಲ್ಲಿ ಪೆಂಡಾಲಿನ ಹಿಂದೆ ನಿಂತು ಬಾಟಲಿ ಎತ್ತಿದ್ದನ್ನು ಬೀಗರೊಬ್ಬರು ನೋಡಿಬಿಟ್ಟರು.

"ಏನ್ರೀ, ನಮ್ಮನ್ನ ಬಿಟ್ಟು ಕುಡಿಯಾಕ ಹತ್ತೀರಲ್ಲ?"

"ಕುಡಿಯಂಗಿಲ್ರಿ, ಉಗುಳತೀನಿ!"

"ಅಯ್ಯ, ಅಂಥಾ ಮಾಲು ಯಾರರ ಉಗುಳತಾರೇನ್ರಿ!"

ಆ ಮದ್ದಿನ ಮೇಲೆ ಗಂಟೆಗೊಂದು ಚಹಾ ಬೇರೆ. ಹಲ್ಲೆಲ್ಲ ಯಲಬುರ್ಗಾದ ಕರಿ ಎರೆ ಹೊಲದ ಬಣ್ಣಕ್ಕೆ ತಿರುಗಿದವು. ನಾಲಿಗೆಯ ರುಚಿ ಕೆಟ್ಟು, ಸಾರಿಗೆ ಉಪ್ಪೇ ಇಲ್ಲವೆಂದು ಅತ್ತಿಗೆಯೊಡನೆ ದಿನಾ ಜಗಳ. ಡೆಂಟಿಸ್ಟ್ ಹಣೆ ಬಡಿದುಕೊಂಡರು: "ಅಜ್ಜಾರ, ಬಾಳ ದಿನ ಹಾಕಿದ್ರ ಹಲ್ಲು ಕಪ್ಪಾಗತಾವ್ರಿ! ನಾ ಇದನ್ನ ನಾಕು ದಿನಕ್ಕ ಕೊಟ್ಟಿದ್ದೆ, ಜೀವಮಾನಕ್ಕಲ್ರೀ!"

"ಹುಳುಕಂತೂ ಇಲ್ಲಲ್ರಿ?" ಎಂದು ಎದೆ ಉಬ್ಬಿಸಿದ ಅಣ್ಣ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಒಂದು ದಿನ ಕಾನ್ವೆಂಟ್ ಮ್ಯಾನರ್ಸ್ ಬದಿಗಿಟ್ಟು, ನಾನು ಕಚ್ಚಿದ ಪೇರಲಹಣ್ಣನ್ನು ಅವನತ್ತ ಚಾಚಿದೆ. "ಬ್ಯಾಡವಾ, ನಿನ್ನ ಬಾಯಾಗ ಜರ್ಮ್ಸ್ ಸಂತಿ ನೆರದೈತಿ" ಎಂದು ಹಿಂದೆ ಸರಿದ. ಐ ವಾಸ್ ಹರ್ಟ್. ಆ ಹಾಳು ಬಾಟಲಿ ಕ್ರಿಮಿಗಳ ಜೊತೆಗೆ ನನ್ನಣ್ಣನನ್ನೂ ತೊಳೆದುಕೊಂಡು ಹೋಯಿತೇ?

ಅವನನ್ನು ಕೊನೆಯ ಸಲ ಕಂಡದ್ದು ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲಿ, ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದಾಗ. ಅಷ್ಟರಲ್ಲಿ ನಾನು ಹಲ್ಲೆಲ್ಲ ಉದುರಿ ಹಲ್ಲಿನ ಸೆಟ್ಟಿನವಳಾಗಿದ್ದೆ. ಆಸೆಗೆ ಶೇಂಗಾ ಚಿಕ್ಕಿ ಕೊಂಡು, ಮುರಿಯಲಾಗದೆ ಕಿಟಕಿಯ ಪಕ್ಕ ಕೂತು ಅದನ್ನೇ ಹೊರಳಿಸುತ್ತಿದ್ದೆ. ಅಣ್ಣ ಕೆಳಗಿನಿಂದಲೇ ಕೈಚಾಚಿ ಕಸಿದುಕೊಂಡ. ಧೋತರದ ಚುಂಗು ಸುತ್ತಿದ. ಕಚ್ಚಿದ.

ಕಟ್!

"ತಗೋ. ನಡುವ ಅರಿವಿ ಐತಿ."

ದೊಡ್ಡ ತುಂಡು ನನಗೇ. ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು, ಒಂದು ಕೆನ್ನೆ ಉಬ್ಬಿಸಿಕೊಂಡು, ಆ ಕಪ್ಪು ಹಲ್ಲೆಲ್ಲ ಬಿಟ್ಟು ನಗುತ್ತಿದ್ದ. ಬಾಟಲಿ ಕಿಸೆಯಲ್ಲೇ ಇತ್ತು.