ಹೆರಿಗೆ ಕೋಣೆಯ ಬಿಸಿಲು ದೀಪ

ಬ್ಯಾಟರಿ ಕೆಲಸಕ್ಕೆ ಕೈ ಹಾಕಿದವನ ಅಂಗಿ ಆಸಿಡ್ ಬಿದ್ದು ತೂತಾಗುವುದು ಹೇಗೆ ತಪ್ಪದೋ, ಈಗ ಹೇಳುವಂಥ ಪ್ರಸಂಗಗಳೂ ಹಾಗೇ ತಪ್ಪುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮಾನ್ವಿ ಬಸ್ ನಿಲ್ದಾಣದ ಪಕ್ಕ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟವನು ನಾನು. ಟ್ರ್ಯಾಕ್ಟರಿನವು, ಮೈಕ್ ಸೆಟ್ಟಿನವು, ಸಿನಿಮಾ ಪ್ರಚಾರದ ಜೀಪಿನವು, ಸತ್ತು ಬಂದ ಎಷ್ಟೋ ಬ್ಯಾಟರಿಗಳು ನನ್ನ ಕೈಯಲ್ಲಿ ಎದ್ದು ಕೂತಿವೆ. ಬ್ಯಾಟರಿ ನನಗೆ ಎಂದೂ ಕೈ ಕೊಟ್ಟಿಲ್ಲ. ಜನರ ವಿಷಯ ಬೇರೆ.

ಎಂಬತ್ತರ ದಶಕದಲ್ಲಿ ಗಬ್ಬೂರಿನಿಂದ ಒಳಗಿರುವ ಒಂದು ಊರಿಗೆ ಸೋಲಾರ್ ದೀಪ ಬಂತು. ಆ ಊರಿಗೆ ಕರೆಂಟಿನ ಕಂಬಗಳು ಬಂದಿದ್ದವು, ಕರೆಂಟು ಮಾತ್ರ ಮನಸ್ಸಾದಾಗ ಬರುತ್ತಿತ್ತು. ಅದಕ್ಕೇ ಹೆರಿಗೆ ಕೋಣೆಯ ಮಾಳಿಗೆ ಮೇಲೆ ಬಿಸಿಲು ಹೀರುವ ಗಾಜಿನ ಹಲಗೆ ಕೂಡಿಸಿ, ಒಳಗೆ ಒಂದು ಬ್ಯಾಟರಿ, ಒಂದು ಟ್ಯೂಬ್‌ಲೈಟು ಇಟ್ಟರು. ಬ್ಯಾಟರಿಯ ಯೋಗಕ್ಷೇಮ ನನ್ನದು. ದೀಪ ಹಾಕಿಸಿದ ಇಲಾಖೆಯ ರಾಯಚೂರಿನ ಸಾಹೇಬರು ಹೋಗುವಾಗ, ಬೇಸಿಗೆಯಲ್ಲಿ ಬಂದು ನೋಡುತ್ತೇವೆ, ದೀಪ ಸರಿಯಾಗಿ ಉರಿಯದಿದ್ದರೆ ಎಲ್ಲ ಬಿಚ್ಚಿ ಬೇರೆ ಊರಿಗೆ ಹಾಕುತ್ತೇವೆ ಎಂದು ಹೇಳಿ ಹೋದರು.

ಅಲ್ಲಿಯ ನರ್ಸಕ್ಕ ಅಷ್ಟು ವರ್ಷ ಕಂದೀಲಿನ ಹೊಗೆಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತ ಹೆರಿಗೆ ಮಾಡಿಸಿದವಳು. "ಅಣ್ಣಾರ, ಏನರ ಆಗಲಿ, ಈ ದೀಪ ಮಾತ್ರ ಹೋಗಬಾರದು ನೋಡ್ರಿ" ಎಂದಳು. ನಾನಿರುವ ತನಕ ಹೋಗುವುದಿಲ್ಲ ಎಂದು ಎದೆ ತಟ್ಟಿ ಹೇಳಿದೆ.

ಹಗೇವಿನ ಪಾಠ

ಹಗಲ ಬಿಸಿಲು ರಾತ್ರಿ ದೀಪವಾಗುವುದು ಹೇಗೆಂದು ಊರ ಹಿರಿಯರು ಕೇಳಿದರು. ನಾನು, "ಜ್ವಾಳ ತುಂಬಿಡೋ ಹಗೇವು ಇದ್ದಂಗ್ರಿ ಇದು. ಹಗಲಿ ತುಂಬೋದು, ಕತ್ತಲಾದ ಮ್ಯಾಲ ತಗಿಯೋದು" ಎಂದೆ. ಎಲ್ಲರೂ ತಲೆಯಾಡಿಸಿದರು. ನೆಲದೊಳಗಿನ ಹಗೇವಿನ ವಿಷಯ ಅವರಿಗಿಂತ ಬಲ್ಲವರು ಯಾರು? ಇಷ್ಟು ಚೆನ್ನಾಗಿ ಯಾವ ಇಂಜಿನಿಯರೂ ಹೇಳಲಾರ ಎಂದು ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ವಾರದೊಳಗೆ ಕರೆ ಬಂತು. ಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಬರಿದು. ಮೋಡ ಕವಿದ ದಿನಗಳಲ್ಲಿ ಹಾಡಹಗಲೂ ದೀಪ ಉರಿಸಿದ್ದಾರೆ. ಏನ್ರೀ ಇದು ಎಂದರೆ ಹಿರಿಯರೊಬ್ಬರು ನನಗೇ ಬುದ್ಧಿ ಹೇಳಿದರು: "ಹಗೇವಿನ ಬಾಯಿ ತಗದ ಮ್ಯಾಲ ಅರ್ಧಕ್ಕ ಬಿಡಬಾರದು ತಮ್ಮಾ, ಹುಳ ಹತ್ತತಾವ. ತಳ ಕಾಣೋ ತನಕ ತಗದೀವಿ ನೋಡು."

ಹಗೇವಿನ ಲೆಕ್ಕದಲ್ಲಿ ಅದು ಸರಿಯೇ. ಬ್ಯಾಟರಿಗೆ ಮಾತ್ರ ಅದೇ ಸಾವು. ನಾನು ಸೋಲೊಪ್ಪುವವನಲ್ಲ. ಇದು ಹಗೇವಲ್ಲ, ಬಿತ್ತನೆಗೆ ಎತ್ತಿಟ್ಟ ಜೋಳ, ಪೂರ್ತಿ ತಿಂದರೆ ಮುಂದೆ ಬಿತ್ತಲು ಇರುವುದಿಲ್ಲ ಎಂದೆ. ಹಿರಿಯರು ನನ್ನ ಮುಖ ನೋಡಿ, "ಮೊದಲ ಹಂಗ ಹೇಳಬೇಕಿಲ್ಲೋ. ಕಲ್ತಾವ ಅಂತಾರ, ಬಿತ್ತನಿಗೂ ಹಗೇವಿಗೂ ಫರಕ್ ಗೊತ್ತಿಲ್ಲ" ಎಂದರು.

ತೂಕದ ಮಾತು

ಬರಿದಾದ ಬ್ಯಾಟರಿಯನ್ನು ಚಾರ್ಜ್ ಮಾಡಲು ಬಸ್ಸಿಗೆ ಹಾಕಿ ಮಾನ್ವಿಗೆ ತಂದೆ. ಖಾಲಿ ಡಬ್ಬಿ ಎಂದು ಕಂಡಕ್ಟರು ಸುಮ್ಮನೆ ಬಿಟ್ಟ. ಚಾರ್ಜ್ ಮಾಡಿ ಮರಳಿ ಒಯ್ಯುವಾಗ ಅವನೇ ಸಿಕ್ಕು, ಈಗ ತುಂಬಿದೆ, ಲಗೇಜ್ ಚೀಟಿ ತೆಗೆದುಕೊಳ್ಳಿ ಎಂದು ಪಟ್ಟು ಹಿಡಿದ. ಕರೆಂಟಿಗೆ ತೂಕವಿಲ್ಲ ಮಹರಾಯ, ಖಾಲಿಯಿದ್ದಾಗ ಎಷ್ಟಿತ್ತೋ ಈಗಲೂ ಅಷ್ಟೇ, ಎತ್ತಿ ನೋಡು ಎಂದೆ.

ಅವನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮರುಕದಿಂದ ಹೇಳಿದ: "ಅಣ್ಣಾ, ನಿನಗ ಮೋಸ ಮಾಡ್ಯಾರ. ಏನೂ ತುಂಬಿಲ್ಲ ಇದರಾಗ."

ಅಜ್ಜಿಯ ಕರುಣೆ

ಬೇಸಿಗೆ ಬಂತು. ನರ್ಸಕ್ಕ ತರಬೇತಿಗೆಂದು ಕೆಲವು ದಿನ ರಾಯಚೂರಿಗೆ ಹೋಗಿದ್ದಳು. ಸಾಹೇಬರು ಸಂಜೆ ಬರುತ್ತಾರೆ ಎನ್ನುವ ದಿನ ಬೆಳಿಗ್ಗೆ ತಿರುಗಿ ಬಂದು ಗುಂಡಿ ಒತ್ತಿದರೆ ದೀಪ ಮಿಣಿಮಿಣಿ ಎನ್ನುತ್ತಿತ್ತು. ಅವಳ ಮುಖ ಬಾಡಿತು. ತಪಾಸಣೆಯ ದಿನವೆಂದು ಮಾನ್ವಿಯಿಂದ ಬಂದಿದ್ದ ನಾನು ಮಾಳಿಗೆ ಹತ್ತಿದೆ. ಗಾಜಿನ ಹಲಗೆಯೇ ಕಾಣಲಿಲ್ಲ. ಅದರ ಮೇಲೆ ಹಸಿ ಗೋಣಿಚೀಲ, ಚೀಲದ ಮೇಲೆ ಬೇವಿನ ಸೊಪ್ಪು.

ಕೋಣೆ ಗುಡಿಸುವ ಅಜ್ಜಿ ಕೊಡ ಹಿಡಿದು ಹಿಂದೆಯೇ ಬಂದಳು. "ಇಂಥಾ ಬಿಸಿಲಿನಾಗ ನೆಳ್ಳಿಲ್ದ ಕುಂತದ, ಪಾಪ. ದಿನಾ ನೀರು ಹಾಕಿ ತಂಪಿಟ್ಟೀನಪ್ಪಾ" ಎಂದಳು. ನನಗೆ ಸಿಟ್ಟೂ ಬಂತು, ನಗೂ ಬಂತು. ಯವ್ವಾ, ಅದರ ಊಟವೇ ಬಿಸಿಲು ಎಂದು ಹೇಳಿ ಚೀಲ ಕಿತ್ತೆಸೆದೆ. ಸಂಜೆಯೊಳಗೆ ಏನು ತುಂಬೀತು ಎಂದು ನರ್ಸಕ್ಕ ಕೆಳಗಿನಿಂದ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಭಯ ಕೊಟ್ಟಳು: "ಉಪಾಸ ಇದ್ದದ್ದು ಎರಡು ರೊಟ್ಟಿ ಜಾಸ್ತೀನ ತಿಂತದ, ಬಿಡವ್ವಾ."

ಸಾಹೇಬರ ತಪಾಸಣೆ

ಮಧ್ಯಾಹ್ನ ಒಬ್ಬ ಬಸುರಿಗೆ ನೋವು ಶುರುವಾಗಿ ಕೋಣೆಗೆ ಕರೆತಂದರು. ಮುಸ್ಸಂಜೆಗೆ ಸಾಹೇಬರ ಜೀಪೂ ಬಂತು. ಒಳಗೆ ಹೋಗಿ ದೀಪ ನೋಡಬೇಕು ಎಂದರು. ಹೆರಿಗೆ ನಡೆಯುವಾಗ ಗಂಡಸರು ಹೊಸ್ತಿಲು ದಾಟುವಂತಿಲ್ಲ ಎಂದು ಅಜ್ಜಿ ಕಸಬರಿಗೆ ಅಡ್ಡ ಹಿಡಿದು ನಿಂತಳು. ಸಾಹೇಬರು ಜೀಪಿಗೆ ಒರಗಿ ಕಾದರು. ನಾನು ಕಿಟಕಿಯ ಮೇಲೇ ಕಣ್ಣಿಟ್ಟಿದ್ದೆ. ಕತ್ತಲಾಗುತ್ತಲೇ ಬೆಳಕು ಬಂತು. ನಮ್ಮ ಬಿಸಿಲು ಒಂದೇ ದಿನದಲ್ಲಿ ಕೈಲಾದಷ್ಟು ತುಂಬಿತ್ತು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ನನಗಂತೂ ನನ್ನದೇ ಮಗು ಹುಟ್ಟಿದಷ್ಟು ಸಂತೋಷವಾಯಿತು.

ಸಾಹೇಬರಿಗೆ ಆಗಲಿಲ್ಲ. ಬೆಳಕು ಮಂದವಾಗಿದೆ, ನಿಮಗೆ ಇದನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಬೆಳಿಗ್ಗೆ ಬಿಚ್ಚಿಸುತ್ತೇನೆ ಎಂದರು. ಹೊರಗೆ ಬಂದ ನರ್ಸಕ್ಕನ ಕಣ್ಣಲ್ಲಿ ನೀರಾಡಿತು. ಆಗ ಅಜ್ಜಿ, ಕೂಸನ್ನು ತೊಟ್ಟಿಲಿಗೆ ಹಾಕುವ ತನಕ ಬಾಣಂತಿ ಇರುವ ಕೋಣೆಯಿಂದ ದೀಪ ಹೊರಗೆ ಹೋಗಬಾರದು ಎಂದು ತಡೆದಳು. ಸಾಹೇಬರೂ ಮಕ್ಕಳೊಂದಿಗರು. ಆಯಿತು, ತೊಟ್ಟಿಲಾದ ಮೇಲೆ ಬರುತ್ತೇನೆ ಎಂದರು.

ಅಷ್ಟರೊಳಗೆ ಇನ್ನೊಬ್ಬಳಿಗೆ ದಿನ ತುಂಬುತ್ತವೆ ಎಂದು ನರ್ಸಕ್ಕ ಕಣ್ಣೊರೆಸಿಕೊಂಡು ಹೇಳಿದಳು. ಅವಳದೂ ಮುಗಿಯಲಿ ಎಂದರು. ಅವಳ ಹಿಂದೆ ಗೌಡರ ಸೊಸೆ ಇದ್ದಾಳೆ ಎಂದಳು.

"ಹಂಗಾರ ನಾ ಬರೋದು ಯಾವಾಗ?" ಎಂದು ಸಾಹೇಬರು ಬೇಸತ್ತು ಕೇಳಿದರು.

"ಊರಾಗ ಹೆರಿಗಿ ನಿಂತ ಮ್ಯಾಲ ಬರ್ರೆಪ್ಪಾ" ಎಂದಳು ಅಜ್ಜಿ.

ಸಾಹೇಬರು ಊರ ಗಂಡಸರನ್ನೆಲ್ಲ ಒಮ್ಮೆ ನೋಡಿದರು, ಹೆಂಗಸರನ್ನು ನೋಡಿದರು, ಜೀಪು ಹತ್ತಿ ಕೂತರು. "ಅದು ನಮ್ಮ ಇಲಾಖೆ ಕೆಲಸ ಅಲ್ಲಬೇ ಯವ್ವಾ, ಕುಟುಂಬ ಯೋಜನೆಯವರದು" ಎಂದವರು ಮತ್ತೆ ಆ ಕಡೆ ಬರಲಿಲ್ಲ.