ಜರಡಿ ಹಿಡಿದ ಧೂಳು

ಹೆಂಡತಿಯ ಅಣ್ಣ ಪ್ರವಾಸ ಹೊರಡುವ ಮುಂಚೆ ತಮ್ಮ ಕಪ್ಪು ಕಾರನ್ನು ಗುಮಾಸ್ತರ ಅಂಗಳದಲ್ಲಿ ನಿಲ್ಲಿಸಿ, ಕೀಲಿ ಕೈಗಿತ್ತು ಹೇಳಿದ್ದರು: "ಇಟ್ಕೊಳ್ಳಿ, ಆದ್ರೆ ಓಡಿಸಬೇಡಿ. ನಾನು ಹೊಸದು ತಗೋತಿದ್ದೀನಿ. ಇದನ್ನ ನಿಮಗೆ ಕೊಡೋದೋ ಚಿಕ್ಕ ತಂಗಿಯ ಮನೆಗೆ ಕೊಡೋದೋ, ಬಂದ ಮೇಲೆ ಹೇಳ್ತೀನಿ."

ಎರಡು ಬಸ್ಸು ಬದಲಿಸಿ ಕಚೇರಿ ಸೇರುವ ಗುಮಾಸ್ತರು ಒಂಬತ್ತು ದಿನ ಕಾರನ್ನು ಕಣ್ಣಲ್ಲೇ ಓಡಿಸಿದರು. ಹತ್ತನೆಯ ದಿನ ತಡೆಯಲಾಗಲಿಲ್ಲ. ಒಂದೇ ಸುತ್ತು ಹೋಗಿಬಂದರು. ಅಷ್ಟರಲ್ಲೇ ಒಂದು ಲಾರಿ ಬಲಮಗ್ಗುಲಿಗೆಲ್ಲ ಕೆಸರು ಎರಚಿತ್ತು.

ಮರುದಿನ ಬೆಳಿಗ್ಗೆ ಭಾವನ ಫೋನು. ಮಧ್ಯಾಹ್ನ ಮೂರಕ್ಕೆ ಬರುತ್ತಾರಂತೆ.

ಗುಮಾಸ್ತರು ರಜೆ ಹಾಕಿ ಬಕೆಟ್ ಹಿಡಿದರು. ಕೆಸರೇನೋ ಹೋಯಿತು. ಆದರೆ ಬಿಸಿಲಿಗೆ ನೀರಾರಿದ್ದೇ ತಡ, ಕಾರಿಗೆ ಚಿಬ್ಬು ಹತ್ತಿದ ಹಾಗೆ ಮೈತುಂಬ ಬಿಳಿ ಕಲೆಗಳು. ಕಲೆ ಕಂಡರೆ ತೊಳೆದದ್ದು ಗೊತ್ತಾಗುತ್ತದೆ, ಯಾಕೆ ತೊಳೆದಿರಿ ಎಂದು ಕೇಳಿದರೆ ಓಡಿಸಿದ್ದು ಗೊತ್ತಾಗುತ್ತದೆ.

"ಬೋರ್ ನೀರು ಸಾರ್, ಉಪ್ಪು ಜಾಸ್ತಿ. ನೆರಳಲ್ಲಿ ತೊಳೀಬೇಕು" ಎಂದರು ಎದುರುಮನೆಯ ಮೇಷ್ಟ್ರು, ಪೇಪರ್ ಸಮೇತ ಒಳಗೆ ಬಂದು.

ಮೂವರೂ ಸೇರಿ ಕಾರನ್ನು ನೆರಳಿಗೆ ತಳ್ಳಿದರು. ಮೂರನೆಯವರು ಪಕ್ಕದ ಮನೆಯ ಟೈಲರ್. ಅವರನ್ನು ಯಾರೂ ಕರೆದಿರಲಿಲ್ಲ.

ಎರಡನೆಯ ಸಲ ತೊಳೆದು ಟವೆಲಿನಲ್ಲಿ ಒರೆಸಿದಾಗ ಟವೆಲಿನ ಎಳೆಯೆಲ್ಲ ಕಾರಿಗಂಟಿತು. "ಹಳೇ ಬನಿಯನ್ ತನ್ನಿ. ಒಂದೊಂದೇ ಭಾಗ ತೊಳೆದು, ನೀರಾರೋಕೆ ಮುಂಚೆ ಒತ್ತಿ ತೆಗೀಬೇಕು. ಉಜ್ಜಬಾರದು" ಎಂದರು ಟೈಲರ್. ಮೇಷ್ಟ್ರು ಮೊಂಡು ಕಲೆಗಳಿಗೆ ವಿನಿಗರ್ ನೀರು ಬೆರೆಸಿಕೊಟ್ಟರು. ಗುಮಾಸ್ತರ ಮೂರು ಬನಿಯನ್ ಮುಗಿದು, ಮೈಮೇಲಿದ್ದ ನಾಲ್ಕನೆಯದೂ ಹೋಯಿತು.

ಎರಡು ಗಂಟೆಗೆ ಬಾನೆಟ್ಟಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಹೆಂಡತಿ ಬಂದು ನೋಡಿಕೊಂಡಳು.

"ಚೆನ್ನಾಗಿದೆ ರೀ. ಆದ್ರೆ ಅಣ್ಣ ಬಿಟ್ಟು ಹೋದಾಗ ಇದರ ಮೇಲೆ ಒಂದು ಬೆರಳು ಧೂಳಿತ್ತಲ್ಲ?"

ಗುಮಾಸ್ತರು ನೆರೆಯವರನ್ನು ಊಟಕ್ಕೆ ಸಾಗಹಾಕಿ, ಹೂಕುಂಡದ ಮಣ್ಣನ್ನು ಒಣಗಿಸಿ, ಅಡುಗೆಮನೆಯ ಹಿಟ್ಟಿನ ಜರಡಿಯಲ್ಲಿ ಕಾರಿನ ಮೇಲೆಲ್ಲ ಹದವಾಗಿ ಉದುರಿಸಿದರು. ಅದು ಸಮನಾಗಿ ಬಿತ್ತು.

ಮೂರಕ್ಕೆ ಸರಿಯಾಗಿ ಭಾವ ಬಂದರು. ಬಾನೆಟ್ಟಿನ ಮೇಲೆ ಬೆರಳಾಡಿಸಿ, ಬೆರಳನ್ನೇ ನೋಡುತ್ತ ನಿಂತರು.

"ಹನ್ನೊಂದು ದಿನ. ಇದಕ್ಕೆ ಒಂದು ಬಕೆಟ್ ನೀರು ಹಾಕೋಕೆ ಆಗಲಿಲ್ವಾ? ನಾನು ಬೇಕಂತಲೇ ಧೂಳಲ್ಲಿ ಬಿಟ್ಟು ಹೋಗಿದ್ದು. ತೊಳೆದಿಟ್ಟಿದ್ರೆ ನಿಮಗೇ ಕೊಡೋಣ ಅಂತಿದ್ದೆ."

ಕಾಂಪೌಂಡಿನ ಆಚೆಯಿಂದ ಟೈಲರ್ ತಲೆ ಎತ್ತಿದರು. "ಸ್ವಾಮಿ, ಇವರು ಬೆಳಿಗ್ಗೆಯಿಂದ..."

"ಬೆಳಿಗ್ಗೆಯಿಂದ ಮಲಗಿದ್ದೆ" ಎಂದು ಗುಮಾಸ್ತರೇ ಮುಗಿಸಿದರು.

"ಅದೇ ಅಂದುಕೊಂಡೆ. ಚಿಕ್ಕವಳ ಯಜಮಾನರು ಐದಕ್ಕೆ ಬಂದು ತಗೊಂಡು ಹೋಗ್ತಾರೆ. ಅಷ್ಟರೊಳಗೆ ತೊಳೆದಿಡಿ. ಕಲೆ ಉಳೀಬಾರದು."

ಗುಮಾಸ್ತರು ಬಕೆಟ್ ತಂದರು. ಒಂದೊಂದೇ ಭಾಗ ತೊಳೆದು, ನೀರಾರುವ ಮುಂಚೆ ಬನಿಯನ್ನಿನಲ್ಲಿ ಒತ್ತಿ ತೆಗೆದರು. ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ ಭಾವ ಬೆರಗಾಗಿ ನೋಡಿದರು.

"ಇಷ್ಟು ಚೆನ್ನಾಗಿ ಬರುತ್ತಲ್ರೀ ನಿಮಗೆ. ಇದನ್ನೇ ಬೆಳಿಗ್ಗೆ ಮಾಡಬಾರದಿತ್ತಾ?"